ಹಬ್ಬುವಾಡದಲ್ಲಿ ಕಾರಿನ ಗಾಜು ಒಡೆದು ಬ್ಯಾಗ್ ಕದ್ದಿದ್ದಾರೆ, ಕಂಪ್ಲೇಂಟ್ ಕೊಡೋದಾ ಬಿಡೋದಾ?

ಹಬ್ಬುವಾಡ ಓಣಿ
ಶುಕ್ರವಾರ ಬೆಳಿಗ್ಗೆ

ಕಾರವಾರದವರು, ಸುತ್ತಮುತ್ತಲಿನವರು ಸ್ವಲ್ಪ ಓದಿ ಸಲಹೆ ಕೊಡಿ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಿನ್ನೆ ರಾತ್ರಿ ನಮ್ಮ ಕಾರಿನ ಎಡಗಡೆ ಹಿಂದಿನ ಗಾಜು ಒಡೆದಿದ್ದಾರೆ. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಹೊರಗೆ ಹೋದ ಹೆಂಡತಿ ವಾಪಸ್ ಬಂದು "ರೀ, ಕಾರಿನ ಹತ್ತಿರ ಯಾರೋ ಕಲ್ಲುಸಕ್ಕರೆ ಚೆಲ್ಲಿದ ಹಾಗಿದೆ ನೋಡಿ" ಎಂದಳು. ಹೋಗಿ ನೋಡಿದರೆ ಗಾಜು. ರಾತ್ರಿಯಿಡೀ ಮಳೆ ಹೊಡೆದಿತ್ತು, ಮೇಲೆ ತಗಡಿನ ಸದ್ದು ಬೇರೆ, ಯಾರಿಗೂ ಏನೂ ಕೇಳಿಸಿಲ್ಲ. ಹಿಂದಿನ ಸೀಟು ಹಿಂಡಿದರೆ ನೀರು ಬರುತ್ತಿದೆ.

ಹೋದದ್ದು ಮಗಳ ಶಾಲೆ ಬ್ಯಾಗು. ಒಳಗೆ ಅವಳ ಟ್ಯಾಬ್, ಟಿಫಿನ್ ಡಬ್ಬಿ, ಎರಡು ನೋಟ್‌ಬುಕ್ಕು. ಗೇರಿನ ಹತ್ತಿರ ಇಟ್ಟಿದ್ದ ಸುಮಾರು ಮುನ್ನೂರು ರೂಪಾಯಿ ಚಿಲ್ಲರೆಯನ್ನೂ ಬಿಟ್ಟಿಲ್ಲ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಮಾತ್ರ ಬಿಟ್ಟಿದ್ದಾರೆ, ಅಂಟು ಗಟ್ಟಿ ಇತ್ತು ಅನಿಸುತ್ತದೆ.

ತಪ್ಪು ನನ್ನದೂ ಇದೆ. ಬ್ಯಾಗು ಸೀಟಿನ ಮೇಲೇ ಇತ್ತು. ಮಳೆಯಲ್ಲಿ ಓಡಿ ಒಳಗೆ ಹೋದೆವು, ಬೆಳಿಗ್ಗೆ ತೆಗೆದರಾಯಿತು ಅಂತ. ಕಾರು ರಸ್ತೆ ಮೇಲೇ ನಿಲ್ಲುತ್ತದೆ, ಯಾಕೆಂದರೆ ನಮ್ಮ ಗೇಟು ಸೈಕಲ್ಲು ಸ್ಕೂಟರಿಗೆ ಅಂತ ಅಪ್ಪ ಮಾಡಿಸಿದ್ದು. ಆಗ ಈ ಮನೆಗೆ ಕಾರು ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು!

ಇದೇ ಮೊದಲಲ್ಲ. ಈ ಆರು ತಿಂಗಳಲ್ಲಿ ನಮ್ಮ ಓಣಿಯಲ್ಲೇ ಎರಡು ಸ್ಕೂಟರಿನ ಪೆಟ್ರೋಲು, ಒಂದು ಹೆಲ್ಮೆಟ್ಟು, ಪಕ್ಕದ ಮನೆ ಅಜ್ಜಿಯ ಬಚ್ಚಲಿನ ತಾಮ್ರದ ಹಂಡೆ, ಕೊನೆ ಮನೆಯ ಗ್ಯಾಸ್ ಸಿಲಿಂಡರು ಹೋಗಿವೆ. ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ. ಆಫೀಸಿನಲ್ಲಿ ಎಲ್ಲರೂ "ಸುಮ್ನೆ ಅಲೆದಾಟ, ಬಿಡು" ಎನ್ನುತ್ತಿದ್ದಾರೆ. ನಿಜಕ್ಕೂ ಬಿಡೋದಾ?

ಕೋಡಿಬಾಗ ಗಾಳಿ

ಎಂತ ಮಾರಾಯ್ರೆ, ಹಂಡೆಯನ್ನೂ ಬಿಡುವುದಿಲ್ಲವಾ! ನಮ್ಮ ಕಡೆ ಮೊನ್ನೆ ಒಣಗಲು ಹಾಕಿದ್ದ ಮೀನು ಹೋಯಿತು. ಬೆಕ್ಕು ಅಂದುಕೊಂಡಿದ್ದೆವು, ಆದರೆ ಬೆಕ್ಕು ಚಾಪೆಯನ್ನೂ ಮಡಚಿ ಒಯ್ಯುವುದಿಲ್ಲ ಅಲ್ವಾ.

ಕುಮಟಾ ಗ್ಯಾರೇಜು

ಅಣ್ಣಾ, ಕಂಪ್ಲೇಂಟ್ ವಿಷಯ ಬಲ್ಲವರು ಹೇಳುತ್ತಾರೆ. ನಾನು ಗಾಜಿನದ್ದು ಹೇಳುತ್ತೇನೆ, ಯಾಕೆಂದರೆ ಮಳೆಗಾಲದಲ್ಲಿ ಒಂದೊಂದು ದಿನವೂ ಲೆಕ್ಕ.

ಮೊದಲು ಫೋಟೋ ತೆಗೆದುಕೊಳ್ಳಿ, ಒಡೆದ ಗಾಜು, ಒಳಗಿನ ಸೀಟು, ನಂಬರ್ ಪ್ಲೇಟು ಕಾಣುವ ಹಾಗೆ ಇಡೀ ಕಾರು. ಆಮೇಲೆ ಗುಡಿಸಿ. ಬಾಗಿಲಿನ ಗಾಜು ಒಡೆದರೆ ಸಣ್ಣ ಸಣ್ಣ ಹರಳಾಗುತ್ತದೆ, ಮುಂದಿನ ದೊಡ್ಡ ಗಾಜಿನ ಹಾಗಲ್ಲ. ಅದು ಎರಡು ಪದರದ ನಡುವೆ ಹಾಳೆ ಇಟ್ಟು ಮಾಡಿದ್ದು, ಬಿರುಕು ಬಿಟ್ಟರೂ ಉದುರುವುದಿಲ್ಲ. ಈ ಹರಳು ಸೀಟಿನ ಸಂದಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬರಿಗೈ ಹಾಕಬೇಡಿ, ಒದ್ದೆ ಪೇಪರಿನಿಂದ ಒತ್ತಿ ಒತ್ತಿ ತೆಗೆದು ಆಮೇಲೆ ವ್ಯಾಕ್ಯೂಮ್ ಹೊಡೆಸಿ.

ಎಲ್ಲರೂ ಮರೆಯುವುದು ಇನ್ನೊಂದು: ಅರ್ಧ ಗಾಜು ಬಾಗಿಲಿನ ಹೊಟ್ಟೆಯೊಳಗೆ ಬಿದ್ದಿರುತ್ತದೆ. ಒಳಗಿನ ಪ್ಯಾಡ್ ಬಿಚ್ಚಿ ಅದನ್ನು ತೆಗೆಯದೆ ಹೊಸ ಗಾಜು ಹಾಕಿಸಿದರೆ, ಕಿಟಕಿ ಏರಿಸಿ ಇಳಿಸುವಾಗಲೆಲ್ಲ ಕರಕರ ಎನ್ನುತ್ತದೆ, ಹೊಸ ಗಾಜಿಗೂ ಗೀರು ಬೀಳುತ್ತದೆ. ಬಾಗಿಲು ಬಿಚ್ಚಿದ್ದಾರಾ ಅಂತ ನಿಂತು ನೋಡಿ. ಗಾಜು ಬರುವವರೆಗೆ ದಪ್ಪ ಪ್ಲಾಸ್ಟಿಕ್ಕನ್ನು ಬಾಗಿಲಿನ ಅಂಚಿನ ಒಳಕ್ಕೆ ಮಡಚಿ ಬಾಗಿಲು ಹಾಕಿ. ಬರೀ ಟೇಪು ನಮ್ಮ ಮಳೆಗೆ ನಿಲ್ಲುವುದಿಲ್ಲ.

ಕಾಜುಬಾಗ ಅಕ್ಕ

ನಿಮ್ಮ ಓಣಿಗೆ ಬೆಳಿಗ್ಗೆ ಒಬ್ಬ ಗುಜರಿಯವ ಬರುತ್ತಾನಲ್ಲ, ತಳ್ಳುಗಾಡಿ, ನೀಲಿ ಟೋಪಿ? ನಮ್ಮ ಕಡೆಗೂ ಬರುತ್ತಾನೆ. ಅವನು ಬಂದ ಮಾರನೆ ದಿನವೇ ನಮ್ಮ ಮನೆಯ ಹೆಲ್ಮೆಟ್ಟು ಹೋಗಿದ್ದು. ಹೊರಗಿನಿಂದ ಬಂದವರು ಜಾಸ್ತಿ ಆಗಿದ್ದಾರೆ, ಯಾರು ಯಾವ ಊರಿನವರು ಅಂತ ಗೊತ್ತೇ ಆಗುವುದಿಲ್ಲ. ನನ್ನ ಹತ್ತಿರ ಅವನ ಫೋಟೋ ಇದೆ, ಎಲ್ಲ ಗ್ರೂಪಿಗೂ ಹಾಕೋಣ. ಜನಕ್ಕೆ ಗೊತ್ತಾಗಲಿ.

ಅಂಕೋಲಾ ಮೇಷ್ಟ್ರು

ಅಕ್ಕಾ, ದಯವಿಟ್ಟು ಹಾಕಬೇಡಿ.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನೆನಪಿದೆಯಾ? ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಓಡಿದ ಮಾತು ನಂಬಿ ಜನ ಕಾರಿನಲ್ಲಿ ಬಂದವರನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು. ಹೈದರಾಬಾದಿನ ಒಬ್ಬ ಯುವಕ ಸತ್ತೇ ಹೋದ. ಅವರು ಮಾಡಿದ್ದು ಇಷ್ಟೇ, ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು.

ನಿಮ್ಮ ಹತ್ತಿರ ಇರುವುದು ಗಾಡಿ ತಳ್ಳುವವನ ಫೋಟೋ. ಕದಿಯುವವನ ಫೋಟೋ ಅಲ್ಲ.

ಕಾಜುಬಾಗ ಅಕ್ಕ

ಮೇಷ್ಟ್ರೇ, ಹೆಲ್ಮೆಟ್ಟು ಹೋದದ್ದು ನಮ್ಮದು. ನಿಮಗೆ ಹೇಳುವುದು ಸುಲಭ.

ಕೈಗಾ ಶಿಫ್ಟು

ಜಗಳ ಬೇಡ. ನಾನು ಬೆಳಗಿನ ಶಿಫ್ಟಿನ ಬಸ್ಸಿಗೆ ಕತ್ತಲೆಯಲ್ಲೇ ಹೊರಡುವವ. ನಮ್ಮ ರಸ್ತೆಯನ್ನು ಆ ಹೊತ್ತಿಗೆ ನೋಡುವವರು ನಾನು ಮತ್ತು ನಾಯಿಗಳು ಮಾತ್ರ. ನಿನ್ನೆ ಈ ಚರ್ಚೆ ಓದಿದ ಮೇಲೆ ಸುಮ್ನೆ ಎಣಿಸಿಕೊಂಡು ಹೋದೆ. ಹೊರಗೆ ನಿಂತ 14 ಕಾರುಗಳಲ್ಲಿ ಮೂರರ ಕಿಟಕಿ ಬೆರಳು ತೂರುವಷ್ಟು ಇಳಿದಿತ್ತು. ಒಂದರ ಕನ್ನಡಿ ಹೊರಗೇ ತೆರೆದಿತ್ತು. ಆ ಮಾಡೆಲ್ಲಿನಲ್ಲಿ ಲಾಕ್ ಮಾಡಿದರೆ ಕನ್ನಡಿ ತಾನೇ ಮಡಚಿಕೊಳ್ಳುತ್ತದೆ. ಅಂದರೆ ಲಾಕೇ ಆಗಿಲ್ಲ ಅಂತ ಅರ್ಧ ಫರ್ಲಾಂಗ್ ದೂರದಿಂದ ನನಗೇ ಗೊತ್ತಾಗುತ್ತದೆ. ಕಳ್ಳನಿಗೆ ಗೊತ್ತಾಗುವುದಿಲ್ಲವಾ?

ಒಂದು ಸ್ಕೂಟರಿನಲ್ಲಿ ಕೀಲಿಯೇ ನೇತಾಡುತ್ತಿತ್ತು. ಬೆಲ್ ಒತ್ತಿ ಕೊಟ್ಟು ಬಂದೆ. ನಿದ್ದೆಗಣ್ಣಿನಲ್ಲಿ ಬಂದ ಯಜಮಾನರು ನನ್ನನ್ನೇ ಅನುಮಾನದಿಂದ ನೋಡಿದರು.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಕಂಪ್ಲೇಂಟ್ ಕೊಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕಾನೂನು ಬರುತ್ತದೆ, ತಾಳ್ಮೆ ಇರಲಿ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಾವು ನಿದ್ದೆಯಲ್ಲೂ ಹೇಳುತ್ತಿದ್ದ ಕಳ್ಳತನದ ಕಲಂ 379 ಈಗ 303(2). ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇಲ್ಲಿ ಹೊಸದೊಂದು ಸೇರಿದೆ. ಕದ್ದ ಸಾಮಾನಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ. ಠಾಣೆಯಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಆದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವಂತಿಲ್ಲ. ಇದು ಗೊತ್ತಿಲ್ಲದೆ ಜನ "ಎಫ್‌ಐಆರ್ ಹಾಕಲಿಲ್ಲ" ಅಂತ ಸಿಟ್ಟಾಗುತ್ತಾರೆ. ಆದ್ದರಿಂದ ಬೆಲೆ ಸರಿಯಾಗಿ ಬರೆಯಿರಿ. "ಮಗಳ ಬ್ಯಾಗ್ ಹೋಗಿದೆ" ಅಂತ ಬರೆದರೆ ಒಂದು ದಾರಿ, ಟ್ಯಾಬಿನ ಬಿಲ್ಲು ಇಟ್ಟು ಬರೆದರೆ ಇನ್ನೊಂದು ದಾರಿ. ಹಾಗಂತ ಇಲ್ಲದ್ದನ್ನು ಸೇರಿಸಬೇಡಿ, ಅದು ನಿಮ್ಮ ಕುತ್ತಿಗೆಗೇ ಬರುತ್ತದೆ.

ಅಜ್ಜಿಯ ಹಂಡೆಯ ಮಾತು ಬೇರೆ. ಜನ ವಾಸ ಮಾಡುವ ಮನೆ ಅಥವಾ ಸಾಮಾನು ಇಡುವ ಕಟ್ಟಡದ ಒಳಗಿಂದ ಕದ್ದರೆ ಅದು ಕಲಂ 305. ಏಳು ವರ್ಷದವರೆಗೆ ಶಿಕ್ಷೆ, ದಂಡವೂ ಇದೆ. ಅಲ್ಲಿ ಈ ಐದು ಸಾವಿರದ ಲೆಕ್ಕ ಇಲ್ಲ. ಹಂಡೆ ಬಚ್ಚಲಮನೆಯ ಒಳಗಿತ್ತೋ, ಹೊರಗೆ ಬೋರಲು ಹಾಕಿತ್ತೋ ಅಂತ ಅಜ್ಜಿಯನ್ನು ಕೇಳಿ.

ಎಫ್‌ಐಆರ್ ಆದರೆ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಆನ್‌ಲೈನಿನಲ್ಲಿ ತಿಳಿಸಿದರೂ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಯಾರಾದರೂ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು, ಅದಕ್ಕೂ ಕಾನೂನಿನಲ್ಲೇ ಜಾಗ ಇದೆ. ಕಾರವಾರದವರಿಗೆ ಇನ್ನೊಂದು: ಭಾನುವಾರ ಗೋವಾಕ್ಕೆ ಹೋಗಿ ಅಲ್ಲಿ ಗಾಜು ಒಡೆಸಿಕೊಂಡು ಬರುವವರು ಇದ್ದೀರಿ. ಅಲ್ಲಿ ಆದದ್ದಕ್ಕೆ ಇಲ್ಲಿನ ಠಾಣೆಯಲ್ಲೂ ದೂರು ಕೊಡಬಹುದು, ಅದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಅವರು ಅಲ್ಲಿಗೆ ಕಳಿಸುತ್ತಾರೆ.

ಇನ್ನು ಕಾಜುಬಾಗದ ತಂಗೀ, ಕಣ್ಣೆದುರೇ ಕದಿಯುವವನನ್ನು ಹಿಡಿದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ವಿಡಿಯೋ ಮಾಡಿದರೆ ಕೇಸು ನಿಮ್ಮ ಮೇಲೆ. ನನ್ನ ಸರ್ವಿಸಿನಲ್ಲಿ ನೋಡಿದ್ದೇನೆ, ಹದಿನೇಳು ತೆಂಗಿನಕಾಯಿ ಕದ್ದವ ಬಿಡುಗಡೆಯಾಗಿ ಹೋದ, ಹೊಡೆದ ನಾಲ್ವರು ವರ್ಷಗಟ್ಟಲೆ ಕೋರ್ಟಿಗೆ ಅಲೆದರು.

ಹಬ್ಬುವಾಡ ಓಣಿ
ಶನಿವಾರ ರಾತ್ರಿ

ಸರ್, ನಿಮ್ಮ ಮಾತು ಕೇಳಿ ಇವತ್ತು ಹೋಗಿ ಬಂದೆ. ಟ್ಯಾಬಿನ ಬಿಲ್ಲು ಮೇಲ್‌ನಲ್ಲಿತ್ತು, 11,400. ಎಫ್‌ಐಆರ್ ಆಯಿತು, ಪ್ರತಿಯೂ ಸಿಕ್ಕಿತು. ಒಂದೂವರೆ ತಾಸು ಹಿಡಿಯಿತು, ಅದರಲ್ಲಿ ಅರ್ಧ ತಾಸು ಕರೆಂಟ್ ಬರುವುದನ್ನು ಕಾದದ್ದು.

ನನಗೆ ತಟ್ಟಿದ್ದು ಬೇರೆ ವಿಷಯ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತದೆ "ನಿಮ್ಮ ಓಣಿಯಲ್ಲಿ ಇದಕ್ಕೂ ಮೊದಲು ಏನಾದರೂ ಹೋಗಿದೆಯಾ?" ಅಂತ ಕೇಳಿದರು. ನಾನು ಬೆರಳು ಮಡಚಿ ಹೇಳಿದೆ: ಪೆಟ್ರೋಲು ಎರಡು ಸಲ, ಹೆಲ್ಮೆಟ್ಟು, ಹಂಡೆ, ಸಿಲಿಂಡರು. ಅವರು ಪೆನ್ನು ಇಟ್ಟು ನನ್ನನ್ನು ನೋಡಿದರು. "ನಮ್ಮಲ್ಲಿ ಒಂದೂ ಇಲ್ಲವಲ್ಲ!" ಅಂದರು. ಎಲ್ಲಿ ಜಾಸ್ತಿ ದೂರು ಇರುತ್ತದೋ ಆ ಕಡೆ ರಾತ್ರಿ ಬೀಟು, ಅಂದರೆ ಪೊಲೀಸ್ ಗಸ್ತು, ಹೆಚ್ಚು ಹಾಕುತ್ತಾರಂತೆ. ನಮ್ಮ ಓಣಿ ಅವರ ಲೆಕ್ಕದಲ್ಲಿ ಕಳ್ಳತನವೇ ಇಲ್ಲದ ಓಣಿ. ಆರು ತಿಂಗಳಿಂದ ನಾವು ಕಟ್ಟೆ ಮೇಲೆ ಕೂತು ಬೈದದ್ದೆಲ್ಲ ಕಟ್ಟೆಯಲ್ಲೇ ಉಳಿದಿದೆ.

ನಾಳೆ ಭಾನುವಾರ, ಎಲ್ಲರ ಮನೆಗೂ ಹೋಗುತ್ತೇನೆ.

ವಿಮೆ ಕೆಲಸದವ

ಒಳ್ಳೆಯದಾಯಿತು. ಈಗ ಗಾಜಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡುವ ಮೊದಲು ಒಂದು ಲೆಕ್ಕ ಹಾಕಿ.

ಬೇರೆಯವರಿಗೆ ಆದ ಹಾನಿಗೆ ಮಾತ್ರ ಕೊಡುವ ಥರ್ಡ್ ಪಾರ್ಟಿ ಇದ್ದರೆ ಗಾಜಿಗೂ ಇಲ್ಲ, ಏನಕ್ಕೂ ಇಲ್ಲ. ಫುಲ್ ಇನ್ಶೂರೆನ್ಸ್ ಇದ್ದರೆ ಗಾಜು ಸಿಗುತ್ತದೆ, ಆದರೆ 1,500 ಸಿಸಿ ವರೆಗಿನ ಕಾರಿಗೆ ಮೊದಲ 1,000 ರೂಪಾಯಿ ನಿಮ್ಮದೇ, ಅದಕ್ಕಿಂತ ದೊಡ್ಡದಾದರೆ 2,000. ಆಮೇಲೆ ನೋ ಕ್ಲೇಮ್ ಬೋನಸ್ಸು. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಶೇಕಡಾ 20, ಹೀಗೆ ಏರುತ್ತಾ ಐದನೇ ವರ್ಷಕ್ಕೆ ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಂ ಮೇಲೆ ಶೇಕಡಾ 50 ಬಿಡುವು. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಉದಾಹರಣೆಗೆ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದು ನೀವು 50ರಲ್ಲಿದ್ದರೆ, ಮುಂದಿನ ವರ್ಷ 4,000 ಜಾಸ್ತಿ ಕಟ್ಟಬೇಕು. ಮತ್ತೆ 50ಕ್ಕೆ ಏರಲು ಐದು ವರ್ಷ. ಮೂರು ಸಾವಿರದ ಬಾಗಿಲಿನ ಗಾಜಿಗೆ ಇದು ಬೇಕಾ? ಬೋನಸ್ ಉಳಿಸುವ ಆಡ್-ಆನ್ ತೆಗೆದುಕೊಂಡಿದ್ದರೆ ಮಾತು ಬೇರೆ, ಪಾಲಿಸಿ ತೆರೆದು ನೋಡಿ.

ಮತ್ತೆ ಟ್ಯಾಬು, ಬ್ಯಾಗು ಇವೆಲ್ಲ ಕಾರಿನ ಪಾಲಿಸಿಯಲ್ಲಿ ಬರುವುದಿಲ್ಲ. ವೈಯಕ್ತಿಕ ಸಾಮಾನಿಗೆ ಬೇರೆ ಆಡ್-ಆನ್ ಇರುತ್ತದೆ, ಹೆಚ್ಚಿನವರು ತೆಗೆದುಕೊಂಡಿರುವುದಿಲ್ಲ. ಒರಿಜಿನಲ್ ಆರ್‌ಸಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಡುವುದನ್ನಂತೂ ಬಿಡಿ, ಡಿಜಿಲಾಕರಿನಲ್ಲಿ ತೋರಿಸಿದರೆ ಸಾಕು.

ಹಬ್ಬುವಾಡ ಓಣಿ

ನನ್ನ ಬೋನಸ್ಸು ಶೇಕಡಾ 45ರಲ್ಲಿದೆ. ಗಾಜನ್ನು ಕೈಯಿಂದಲೇ ದುಡ್ಡು ಕೊಟ್ಟು ಹಾಕಿಸುತ್ತೇನೆ. ಆರ್‌ಸಿ ಮನೆಯಲ್ಲೇ ಇತ್ತು, ಪುಣ್ಯ.

ಸುಂಕೇರಿ ಹುಡುಗ

ಟ್ಯಾಬಿಗೆ ಸಿಮ್ ಹಾಕುವ ಜಾಗ ಇತ್ತಾ? ಇದ್ದರೆ ಡಬ್ಬದ ಮೇಲೆ 15 ಅಂಕಿಯ ಐಎಂಇಐ, ಅಂದರೆ ಆ ಸಾಧನದ ಗುರುತಿನ ನಂಬರು ಇರುತ್ತದೆ. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ದೂರಿನ ಪ್ರತಿ ಹಾಕಿ ಬ್ಲಾಕ್ ಮಾಡಿಸಿ. ಬೇರೆ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ. ಉಳಿದವರು ಈಗಲೇ ನಿಮ್ಮ ಫೋನಿನಲ್ಲಿ *#06# ಒತ್ತಿ ಬರುವ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದೇ ಫೋನಿನಲ್ಲಿ ಸೇವ್ ಮಾಡಿ ಇಟ್ಟವರನ್ನು ನಾನು ನೋಡಿದ್ದೇನೆ (ನಾನೇ).

ಬೈತಖೋಲ ನೋಟ

ಎಲ್ಲ ಸರಿ, ಸಿಸಿ ಕ್ಯಾಮೆರಾ ಯಾರ ಮನೆಯಲ್ಲೂ ಇಲ್ಲವಾ?

ಹಬ್ಬುವಾಡ ಓಣಿ

ಎದುರು ಮನೆಯಲ್ಲಿದೆ. ನೋಡಿದೆವು. ಅದೊಂದು ಕಥೆ.

ಗಂಟೆ 47 ನಿಮಿಷ ಹಿಂದಿದೆ. ಯಾವಾಗಲೋ ಕರೆಂಟ್ ಹೋಗಿ ಬಂದು ಗಡಿಯಾರ ತಪ್ಪಿದೆ, ಹಾಕಿದವರು ಆಮೇಲೆ ನೋಡಿಲ್ಲ. ಮೊದಲು ನಾವು ಬೇರೆಯೇ ಹೊತ್ತಿನದ್ದು ನೋಡುತ್ತ ಕೂತಿದ್ದೆವು. ಕೊನೆಗೆ ಸರಿಯಾದ ಹೊತ್ತು ಸಿಕ್ಕಿತು, ಅಲ್ಲಿ ಪರದೆ ತುಂಬ ಬಿಳಿ. ಕ್ಯಾಮೆರಾದ ಬಾಯಿಗೆ ಜೇಡ ಬಲೆ ಕಟ್ಟಿದೆ. ರಾತ್ರಿ ಆ ಕ್ಯಾಮೆರಾದ ಬೆಳಕು ಬಲೆಗೆ ಬಡಿದು ಎಲ್ಲ ಬೆಳ್ಳಗೆ. ಬಲೆಯ ಎಡಕ್ಕೆ ಒಂದು ಕೊಡೆ ಹೋಗುತ್ತದೆ, ಬಲಕ್ಕೆ ಬರುತ್ತದೆ. ಮಧ್ಯೆ ಒಂದೂಕಾಲು ನಿಮಿಷ ಜೇಡವೇ ನಡೆದಾಡುತ್ತದೆ. ಕಾಲು ಕೂಡ ಎಣಿಸಬಹುದು, ಅಷ್ಟು ಸ್ಪಷ್ಟ.

ಕ್ಯಾಮೆರಾ ಹಾಕುವವ

ನಗು ಬಂತು, ಆದರೆ ಹತ್ತರಲ್ಲಿ ಐದು ಮನೆಯ ಕಥೆ ಇದೇ. ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ವಾರಕ್ಕೊಮ್ಮೆ ಉದ್ದ ಕೋಲಿಗೆ ಬಟ್ಟೆ ಸುತ್ತಿ ಒರೆಸಬೇಕು, ಬೇರೆ ಮಂತ್ರ ಇಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರ್ ಹಸಿರು ಹಿಡಿಯುತ್ತದೆ, ಅದನ್ನು ಡಬ್ಬಿಯೊಳಗೆ ಇಡಿ. ಶಿರಸಿ ಕಡೆಯಾದರೆ ಏಪ್ರಿಲ್ ಮೇಯಲ್ಲಿ ಗುಡುಗು ಶುರುವಾದ ತಕ್ಷಣ ಪ್ಲಗ್ ಕಿತ್ತಿಡಿ, ಇಲ್ಲದಿದ್ದರೆ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ಸುಟ್ಟು ಹೋಗುತ್ತದೆ.

ಕ್ಯಾಮೆರಾವನ್ನು ಎಲ್ಲರೂ ಮಾಳಿಗೆ ಎತ್ತರಕ್ಕೆ ಹಾಕಿಸುತ್ತಾರೆ. ಅಲ್ಲಿಂದ ಕಾಣುವುದು ಟೋಪಿ ಮತ್ತು ಕೊಡೆ. ಒಂದಾದರೂ ಗೇಟಿನ ಹತ್ತಿರ ಆಳೆತ್ತರದಲ್ಲಿ ಇರಲಿ, ಮುಖ ಸಿಗುತ್ತದೆ. ಏನಾದರೂ ಆದರೆ ಅದೇ ದಿನ ಪೆನ್‌ಡ್ರೈವಿಗೆ ಇಳಿಸಿ. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ, ಹದಿನೈದು ದಿನ ಬಿಟ್ಟು ಕೇಳಿದರೆ ನಾನು ಎಲ್ಲಿಂದ ತರಲಿ? ಪಕ್ಕದ ಮನೆಯ ಬಾವಿಕಟ್ಟೆ, ಬಚ್ಚಲ ಕಡೆ ಮಾತ್ರ ತಿರುಗಿಸಬೇಡಿ. ಆ ಜಗಳ ಬಿಡಿಸಲು ನನಗೆ ಆಗುವುದಿಲ್ಲ.

ಬಿಣಗಾ ಮನೆ

ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿಬಿಟ್ಟರೆ ಒಳಗೆ ಏನಿದೆ ಅಂತ ಕಾಣುವುದೇ ಇಲ್ಲವಲ್ಲ?

ಕುಮಟಾ ಗ್ಯಾರೇಜು

ಪೂರ್ತಿ ಕಪ್ಪು ಹಾಕಿದರೆ ದಂಡ ಬೀಳುತ್ತದೆ ಅಣ್ಣಾ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದ ಗಾಜಿನಲ್ಲಿ 50 ಬೆಳಕು ದಾಟಲೇಬೇಕು. ಅಷ್ಟು ಬೆಳಕು ದಾಟಿದರೆ ಬ್ಯಾಗೂ ಕಾಣುತ್ತದೆ. ಬ್ಯಾಗು ಒಳಗೆ ಒಯ್ಯಿರಿ, ಪುಕ್ಕಟೆ.

ಅಡಿಕೆ ಭಾವ, ಶಿರಸಿ

ನಮ್ಮದು ಘಟ್ಟದ ಮೇಲಿನ ಕಥೆ, ಇಲ್ಲಿ ಹೇಳಬಹುದಾ? ಕಾರಿಗಿಂತ ನಮಗೆ ಅಡಿಕೆ ಚಿಂತೆ.

ಕಳೆದ ಫೆಬ್ರವರಿಯಲ್ಲಿ ಅಂಗಳದಿಂದ ಚಾಲಿ ಹೋಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಹಣ್ಣಡಿಕೆಯನ್ನು ಸಿಪ್ಪೆ ಸಮೇತ ನಲವತ್ತು ದಿನದ ಮೇಲೆ ಬಿಸಿಲಿನಲ್ಲಿ ಒಣಗಿಸಬೇಕು. ಅಷ್ಟು ದಿನ ಅದು ಅಂಗಳದಲ್ಲೇ ಬಿದ್ದಿರುತ್ತದೆ. ದಿನಾ ರಾತ್ರಿ ಯಾರು ಒಳಗೆ ಹೊರುತ್ತಾರೆ? ತಾಡಪಾಲು ಮುಚ್ಚಿ ಮಲಗುತ್ತೇವೆ. ಕಳ್ಳ ಜಾಣ, ಇಡೀ ಅಂಗಳ ಬಾಚಲಿಲ್ಲ. ತೋಟದ ಕಡೆಯ ಮೂಲೆಯಿಂದ ಎರಡು ಚೀಲದಷ್ಟು ತೆಗೆದು, ಉಳಿದದ್ದನ್ನು ಕೈಯಲ್ಲಿ ಹರಡಿ, ತಾಡಪಾಲು ಮೊದಲಿನ ಹಾಗೇ ಮುಚ್ಚಿ, ಮೇಲೆ ಕಲ್ಲನ್ನೂ ಇಟ್ಟು ಹೋಗಿದ್ದ. ನಾಲ್ಕು ದಿನ ನಮಗೆ ತಿಳಿಯಲೇ ಇಲ್ಲ. ಆಯಿ ಅಡಿಕೆ ತಿರುವಲು ಹೋದವಳು "ಈ ಮೂಲೆ ತೆಳ್ಳಗಾಗಿದೆ" ಎಂದಳು. ನಾನು ಒಣಗಿ ಕುಗ್ಗಿರಬೇಕು ಎಂದೆ. ಆಯಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ನಾಯಿ ಬೊಗಳಿರಲಿಲ್ಲ. ಅಂದರೆ ನಾಯಿಗೆ ಗುರುತಿನವನೇ. ಕಾಜುಬಾಗದ ಅಕ್ಕಾ, ಹೊರಗಿನವರು ಅನ್ನುತ್ತೀರಲ್ಲ, ನಮ್ಮ ದಣಪೆ (ಅಡ್ಡಗಳುವಿನ ಗೇಟು) ಯಾವ ಕಡೆ ಸರಿಯುತ್ತದೆ, ತಾಡಪಾಲಿನ ಮೇಲೆ ಕಲ್ಲು ಎಲ್ಲಿಡುತ್ತೇವೆ ಅಂತ ಹೊರಗಿನವನಿಗೆ ಹೇಗೆ ಗೊತ್ತು?

ಆಮೇಲೆ ನಾವು ಮಾಡಿದ್ದು ಇಷ್ಟೇ. ಕೇರಿಯ ಐದು ಮನೆಯವರು ಸೇರಿ ಚೀಲದ ಬಾಯಿಗೆ ಒಬ್ಬೊಬ್ಬರು ಒಂದೊಂದು ಬಣ್ಣದ ದಾರ ಹಾಕಿ ಹೊಲಿಯುತ್ತೇವೆ. ಸಂಜೆ ತಾಡಪಾಲು ಮುಚ್ಚುವ ಮೊದಲು ಅಂಚಿಗೆ ಸುಣ್ಣದ ನೀರಿನ ಗೆರೆ ಎಳೆಯುತ್ತೇವೆ. ಮುಟ್ಟಿದರೆ ಬೆಳಿಗ್ಗೆಯೇ ಗೊತ್ತಾಗುತ್ತದೆ. ಕಳ್ಳ ಸಿಕ್ಕಿಲ್ಲ, ನಿಜ ಹೇಳಬೇಕಲ್ಲ. ಆದರೆ ಮತ್ತೆ ಹೋಗಿಲ್ಲ.

ಶಿರಸಿ ಪೇಟೆಯವರಿಗೆ ಒಂದು ಮಾತು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಮನೆಮಂದಿಯೆಲ್ಲ ಬೀಗ ಹಾಕಿ ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಹೋಗುತ್ತೇವೆ, ಹೊರಗೆ ನಿಲ್ಲಿಸಿದ ಗಾಡಿಯಲ್ಲಿ ನೆಂಟರ ಬ್ಯಾಗು ತುಂಬಿರುತ್ತದೆ. ಒಬ್ಬರಾದರೂ ಮನೆಯಲ್ಲಿ ಉಳಿಯುವ ಪಾಳಿ ಮಾಡಿಕೊಳ್ಳಿ.

ಗೋಕರ್ಣ ಹೋಮ್‌ಸ್ಟೇ

ಬೀಚಿನ ಪಾರ್ಕಿಂಗಿನಲ್ಲಿ ದಿನಾ ನೋಡುವ ದೃಶ್ಯ: ಕಾರು ನಿಲ್ಲಿಸುತ್ತಾರೆ, ಇಳಿಯುತ್ತಾರೆ, ಲ್ಯಾಪ್‌ಟಾಪ್ ಬ್ಯಾಗು, ಕ್ಯಾಮೆರಾ, ಪರ್ಸು ಎಲ್ಲ ಎತ್ತಿ ಹತ್ತು ಜನರ ಎದುರು ಡಿಕ್ಕಿಗೆ ಹಾಕುತ್ತಾರೆ, ಡಿಕ್ಕಿ ಮುಚ್ಚಿ ಒಮ್ಮೆ ತಟ್ಟುತ್ತಾರೆ. ಆಮೇಲೆ ಎರಡು ತಾಸು ಸಮುದ್ರಕ್ಕೆ. ಡಿಕ್ಕಿಗೆ ಹಾಕುವುದಿದ್ದರೆ ಮನೆಯಿಂದ ಹೊರಡುವಾಗಲೇ ಹಾಕಿ. ಕೀಲಿಯನ್ನು ಚಪ್ಪಲಿ ಕೆಳಗೆ ಮರಳಿನಲ್ಲಿ ಹೂಳುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಕೋಡಿಬಾಗ ಗಾಳಿ

ರಾತ್ರಿ ಕಾವಲಿಗೆ ಒಬ್ಬರನ್ನು ಇಡೋಣ ಅಂತ ನಮ್ಮಲ್ಲಿ ಮನೆಗೆ 200 ರೂಪಾಯಿ ಒಟ್ಟು ಮಾಡಿದ್ದೆವು. ಮೊದಲ ತಿಂಗಳು 22 ಮನೆ ಕೊಟ್ಟವು, ಎರಡನೇ ತಿಂಗಳು 13, ಮೂರನೇ ತಿಂಗಳು ನಾನು ಮತ್ತು ನನ್ನ ಭಾವ. ಕಾವಲಿನವ ಪಾಪ ಚೆನ್ನಾಗಿಯೇ ಸುತ್ತುತ್ತಿದ್ದ, ಸೀಟಿ ಊದುತ್ತ. ಸೀಟಿ ಕೇಳಿದರೆ ಅವನು ಈಗ ಯಾವ ತಿರುವಿನಲ್ಲಿದ್ದಾನೆ ಅಂತ ಮಲಗಿದ ನನಗೇ ಗೊತ್ತಾಗುತ್ತಿತ್ತು.

ಕೈಗಾ ಶಿಫ್ಟು

ಕಾವಲಿಗಿಂತ ಮೊದಲು ಬೀದಿದೀಪ ನೋಡಿ. ಕಾರು ಒಡೆದ ಜಾಗದ ಮೇಲಿನ ದೀಪ ಉರಿಯುತ್ತಿತ್ತಾ?

ಹಬ್ಬುವಾಡ ಓಣಿ

ಇಲ್ಲ. ಎರಡು ತಿಂಗಳಿಂದ ಆರಿದೆ. ಅದಕ್ಕೂ ನಾವು ಯಾರೂ ಬರೆದು ಕೊಟ್ಟಿರಲಿಲ್ಲ. ಎಲ್ಲರೂ ಬೇರೆಯವರು ಕೊಟ್ಟಿರುತ್ತಾರೆ ಅಂದುಕೊಂಡಿದ್ದೆವು.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಕಂಬದ ನಂಬರ್ ಬರೆದು ಕೊಡಿ. "ಹಬ್ಬುವಾಡದಲ್ಲಿ ದೀಪ ಇಲ್ಲ" ಅಂದರೆ ಯಾರು ಹುಡುಕುತ್ತಾರೆ? ಕಂಬದ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ. ರಾತ್ರಿ ಯಾರಾದರೂ ಕಾರಿನ ಬಾಗಿಲು ಎಳೆದೆಳೆದು ನೋಡುತ್ತ ಹೋಗುವುದು ಕಂಡರೆ ಕೆಳಗೆ ಇಳಿಯಬೇಡಿ, ಒಳಗಿನ ದೀಪ ಹಾಕಿ 112ಕ್ಕೆ ಫೋನ್ ಮಾಡಿ. ಯಾವ ಕಡೆ ಹೋದ, ಬೈಕಿತ್ತಾ, ಅಷ್ಟು ನೋಡಿಕೊಂಡರೆ ಸಾಕು.

ಕಾಜುಬಾಗ ಅಕ್ಕ
ಮಂಗಳವಾರ

ಒಂದು ವಿಷಯ ಹೇಳಬೇಕು, ಹೇಳದೆ ಇದ್ದರೆ ನಿದ್ದೆ ಬರುವುದಿಲ್ಲ. ನಮ್ಮ ಹೆಲ್ಮೆಟ್ಟು ಸಿಕ್ಕಿತು. ನಮ್ಮ ಅಕ್ಕನ ಮಗ ಹೊನ್ನಾವರಕ್ಕೆ ಹೋಗುವಾಗ ಹಾಕಿಕೊಂಡು ಹೋಗಿ ಅಲ್ಲೇ ಬಿಟ್ಟು ಬಂದಿದ್ದನಂತೆ. ಕೇಳಿದರೆ "ಚಿಕ್ಕಮ್ಮಾ, ನೀನು ಕೇಳಲೇ ಇಲ್ಲವಲ್ಲ" ಎನ್ನುತ್ತಾನೆ.

ಆ ಫೋಟೋ ನಾನು ಇಲ್ಲಿ ಹಾಕಿರಲಿಲ್ಲ, ಆದರೆ ನಮ್ಮ ಮಹಿಳಾ ಮಂಡಳದ ಗ್ರೂಪಿನಲ್ಲಿ ಹಾಕಿದ್ದೆ. ಎರಡು ದಿನ ಅವನು ಬಂದಾಗ ಯಾರೂ ಗೇಟು ತೆಗೆದಿಲ್ಲ. ಇವತ್ತು ಕರೆದು ಹಳೆ ಪೇಪರೆಲ್ಲ ಕೊಟ್ಟೆ. ತೂಕ ಹಾಕಿ 84 ರೂಪಾಯಿ ಎಂದ, ಬೇಡ ಎಂದೆ. "ಯಾಕಮ್ಮಾ?" ಅಂತ ಕೇಳಿದ. ಯಾಕೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಗ್ರೂಪಿನಲ್ಲಿ ತಪ್ಪಾಯಿತು ಅಂತ ಬರೆದಿದ್ದೇನೆ.

ಅಂಕೋಲಾ ಮೇಷ್ಟ್ರು

ಅಕ್ಕಾ, ಬರೆದಿರಲ್ಲ, ದೊಡ್ಡದು. ನಾನೂ ಒರಟಾಗಿ ಹೇಳಿದೆ.

ಹಬ್ಬುವಾಡ ಓಣಿ
ಮುಂದಿನ ಭಾನುವಾರ

ಏನಾಯಿತು ಅಂತ ಕೇಳಿದವರಿಗೆ.

ಹೋದ ಭಾನುವಾರ ಮನೆಮನೆಗೆ ಹೋದೆ. ಸಿಲಿಂಡರಿನವರು ಒಪ್ಪಿದರು. ಪೆಟ್ರೋಲಿನವರಲ್ಲಿ ಒಬ್ಬರು ಬಂದರು, ಇನ್ನೊಬ್ಬರು "ಅರ್ಧ ಲೀಟರಿಗೆ ಪೊಲೀಸ್ ಸ್ಟೇಶನ್ನಾ?" ಅಂತ ನಕ್ಕು ಚಹಾ ಕೊಟ್ಟು ಕಳಿಸಿದರು. ಅಜ್ಜಿ ಮಾತ್ರ ಸೀರೆ ಬದಲಿಸಿ ತಯಾರಾಗಿಯೇ ಕೂತಿದ್ದರು. ಹಂಡೆ ಬಚ್ಚಲಮನೆಯ ಒಳಗೇ ಇತ್ತಂತೆ, ಒಲೆಯ ಮೇಲೆ. ಅವರ ಮದುವೆಯಲ್ಲಿ ತವರಿನಿಂದ ಬಂದದ್ದು. ಗುರುತು ಏನು ಅಂತ ಠಾಣೆಯಲ್ಲಿ ಕೇಳಿದರೆ, ಎಡಗಡೆ ಹಿಡಿಯುವ ಬಳೆಯ ಹತ್ತಿರ ಒಂದು ನೆಗ್ಗು, ಕೆಳಗೆ ಅಪ್ಪನ ಹೆಸರಿನ ಮೊದಲ ಅಕ್ಷರ, 1961ರಲ್ಲಿ ಕಲಾಯಿ ಹಾಕಿಸಿದ್ದು, ಅಂತ ಒಂದೊಂದಾಗಿ ಹೇಳಿದರು. ನನ್ನ ಟ್ಯಾಬಿನ ಬಣ್ಣ ಕೇಳಿದಾಗ ನಾನು ಮಗಳಿಗೆ ಫೋನ್ ಮಾಡಿದ್ದೆ.

ಕಂಬದ ನಂಬರ್ ಕೊಟ್ಟ ನಾಲ್ಕನೇ ದಿನ ದೀಪ ಬಂತು. ಎರಡು ರಾತ್ರಿ ಬೀಟಿನವರ ಬೈಕು ಓಣಿಯ ತುದಿಯವರೆಗೂ ಬಂದು ತಿರುಗಿದ್ದನ್ನು ನಾನೇ ನೋಡಿದೆ. ಮುಂದೆಯೂ ಬರುತ್ತದಾ ನೋಡಬೇಕು. ಗೇಟು ಅಗಲ ಮಾಡಿಸಲು ಗವಂಡಿಯವರನ್ನು ಕರೆಸಿದ್ದೆ, ಮಳೆ ನಿಲ್ಲಲಿ ಎಂದಿದ್ದಾರೆ.

ಬ್ಯಾಗು ಸಿಕ್ಕಿತು. ಮೀನು ಮಾರುವ ಹೆಂಗಸೊಬ್ಬರು ಪಾಳು ಮನೆಯ ಬಾವಿಕಟ್ಟೆ ಹಿಂದೆ ನೋಡಿ, ನೋಟ್‌ಬುಕ್ಕಿನ ಮೇಲಿನ ಶಾಲೆಯ ಹೆಸರು ಓದಿಸಿಕೊಂಡು ಶಾಲೆಗೇ ಮುಟ್ಟಿಸಿದ್ದಾರೆ. ಟ್ಯಾಬು ಇಲ್ಲ. ನೋಟ್‌ಬುಕ್ಕು ನೆನೆದು ಹಪ್ಪಳವಾಗಿದೆ. ಡಬ್ಬಿಯಲ್ಲಿ ಗುರುವಾರದ ಚಪಾತಿ ಹಾಗೇ ಇತ್ತು, ಮಗಳು ಪೂರ್ತಿ ತಿಂದೆ ಅಂತ ಅಮ್ಮನಿಗೆ ಹೇಳಿದ್ದು. ಈಗ ಮನೆಯಲ್ಲಿ ಅದರದ್ದೇ ವಿಚಾರಣೆ ನಡೆದಿದೆ.

ಡಬ್ಬಿ ಅವಳಿಗೆ ಬೇಡವಂತೆ. ಬಿಸಿನೀರಿನಲ್ಲಿ ಮೂರು ಸಲ ತೊಳೆದು ನಾನೇ ಆಫೀಸಿಗೆ ಒಯ್ಯುತ್ತಿದ್ದೇನೆ. ಮೇಲೆ ಚಿಟ್ಟೆಯ ಚಿತ್ರ ಇದೆ, ಕೇಳಿದವರಿಗೆಲ್ಲ ಈ ಕಥೆ ಹೇಳಬೇಕಾಗುತ್ತಿದೆ.